ನಂಜುಂಡನ ಹೆಸರು ಅಳಿಸು ಅಂದರು

ಗೆಳೆಯರೇ, ನಮ್ಮ ಚಿಂತಾಮಣಿ ಆಫೀಸಿನಲ್ಲಿ ಕೆಟ್ಟ ಇಮೇಲ್ ತಡೆಯುವ ಪೆಟ್ಟಿಗೆಗೆ ಇವತ್ತು ಕಾವಲು ಕಾಯುವ ಪ್ರೋಗ್ರಾಂ ಕೂರಿಸಿದೆ. ನೆಟ್‌ವರ್ಕ್ ತಡವರಿಸಿದರೆ ಅದು ತಾನೇ ನಮಗೆ ಎಚ್ಚರಿಕೆಯ ಇಮೇಲ್ ಕಳಿಸಬೇಕು. ಹಳ್ಳಿ ಶಾಲೆಯಲ್ಲಿ ಓದಿದ ನನ್ನನ್ನು ಬಿಟ್ಟರೆ ತಾಲ್ಲೂಕಿನಲ್ಲಿ ಈ ಕೆಲಸ ಬಲ್ಲವನು ನನ್ನ ಜೊತೆಗಾರ ನಂಜುಂಡ ಒಬ್ಬನೇ ಇದ್ದ. ಹೋದ ತಿಂಗಳು ತೀರಿಕೊಂಡ. ಆಫೀಸಿನ ಎಚ್ಚರಿಕೆಗಳೆಲ್ಲ ಹೋಗುವ ಹಳೆಯ ವಿಳಾಸಪಟ್ಟಿಯಲ್ಲಿ ಇನ್ನೂ ಅವನ ಹೆಸರೇ ಇತ್ತು.

“ಅದನ್ನ ಅಳಿಸಿ ನಿಮ್ದು ಹಾಕ್ಕೊಳ್ಳಿ,” ಎಂದರು ಮ್ಯಾನೇಜರ್.

“ಇರ್ಲಿ ಬಿಡಣ್ಣ, ಅವರ್ದೂ ಇರ್ಲಿ,” ಎಂದಳು ಪಕ್ಕದ ಟೇಬಲ್ಲಿನ ಶಬಾನಾ.

ಇಬ್ಬರ ಹೆಸರನ್ನೂ ಹಾಕಿ, ಪರೀಕ್ಷೆಗೆಂದು ಒಂದು ಎಚ್ಚರಿಕೆ ಕಳಿಸಿದೆ. ನನಗೆ ಬಂತು. ಅವನಿಗೂ ಹೋಯಿತು, ವಾಪಸ್ ಬರಲಿಲ್ಲ.

ಮಿಷಿನ್ನಿನ ಮರ್ಮವೆಲ್ಲ ಬಲ್ಲ ನಾನು, “ಬಂತು ಕಣೋ ಬಡಾಯಿ” ಎಂದು ಅವನು ಪ್ರತಿ ಸಲ ಕಳಿಸುತ್ತಿದ್ದ ಉತ್ತರಕ್ಕೆ ಊಟದ ಹೊತ್ತಿನವರೆಗೂ ಕಾದೆ.