ನನ್ನ ತೊಲೆಗೆ ಕಟ್ಟಿದ ಜೋಕಾಲಿ

ಎಪ್ಪತ್ತರ ದಶಕದ ಕೊನೆಯಲ್ಲಿ ಹಿಂದವಾಡಿಯ ನಮ್ಮ ಮನೆಯ ಮುಂದೆ ತಗಡಿನ ಶೆಡ್ಡು ಹಾಕಿ, ‘ತುರ್ತು ದುರಸ್ತಿ, ಹಗಲು ರಾತ್ರಿ’ ಎಂದು ಬೋರ್ಡು ಬರೆಸಿದೆ. ಮಳೆಗಾಲದಲ್ಲಿ ಮಣ್ಣಿನ ಗೋಡೆಗಳು ನೀರು ಕುಡಿದು ವಾಲುತ್ತವೆ. ಫೋನು ಬಂದ ಕೂಡಲೇ ಓಡಿಹೋಗಿ ಕಂಬ, ತೊಲೆ ಕೊಟ್ಟು ನಿಲ್ಲಿಸುವುದು ನಮ್ಮ ಕೆಲಸ. ಬೇಸಿಗೆಯಲ್ಲಿ ಮನೆಯವರು ಹೊಸ ಗೋಡೆ ಕಟ್ಟಿಸಬೇಕು, ನಾನು ನನ್ನ ಕಟ್ಟಿಗೆ ಬಿಚ್ಚಿ ತರಬೇಕು. ಕೂತು ಯೋಚಿಸಿದಾಗ ಧಂದೆ ಬಹಳ ಚೆಂದ ಕಂಡಿತ್ತು.

ಆದರೆ ಗೋಡೆ ಬೀಳಲೇ ಇಲ್ಲವಲ್ಲ, ಕಟ್ಟಿಸುವವರು ಯಾರು? ನನ್ನ ಕಂಬಕ್ಕೆ ಒಬ್ಬರು ಆಕಳು ಕಟ್ಟಿದರು. ಇನ್ನೊಬ್ಬರು ಕಿಟಕಿಗೆ ಹೊಂದಲೆಂದು ಹಸಿರು ಪೇಂಟು ಹೊಡೆಸಿದರು. ನಾನು ಚೆನ್ನಾಗಿ ಕೆಲಸ ಮಾಡಿದಷ್ಟೂ ನನ್ನ ಕಟ್ಟಿಗೆ ಊರವರ ಪಾಲಾಗುತ್ತಿತ್ತು. ಇದು ಧಂದೆಯೋ ದಾನವೋ ನನಗೇ ತಿಳಿಯದಾಯಿತು.

ಒಂದು ನಾಗರ ಪಂಚಮಿಯ ದಿನ ಖಾನಾಪುರದ ರೈತನೊಬ್ಬ ತೊಯ್ದು ತೊಪ್ಪೆಯಾಗಿ ಬಂದ.

“ಹಿತ್ತಲ ಗ್ವಾಡಿ ವಾಲೇತ್ರಿ. ನಮ್ಮ ಆಯಿ ಒಳಗ ಕುಂತಾಳ, ಎಷ್ಟ ಕರದ್ರೂ ಹೊರಗ ಬರವಲ್ಲಳು. ಖರೇ ಹೇಳತೇನ್ರಿ, ಇವತ್ತ ಬೀಳತೈತಿ” ಎಂದ.

ಶೆಡ್ಡಿನಲ್ಲಿ ಒಂದು ಕಂಬವೂ ಉಳಿದಿರಲಿಲ್ಲ. ಹಬ್ಬಕ್ಕೆ ಕಟ್ಟಿಗೆ ಮಾರುವ ಅಡ್ಡೆಗಳೆಲ್ಲ ಬಂದ್. ಅವನ ತಾಯಿಯ ತಲೆಯ ಮೇಲೆ ಗೋಡೆ ಬಿದ್ದರೆ ಎಂದು ಹೆದರಿ ನಮ್ಮ ಮೇಸ್ತ್ರಿಯನ್ನು ಕರೆದೆ.

“ವಡಗಾವಿ ನೇಕಾರರು ಬ್ಯಾಸಗ್ಯಾಗ ಗ್ವಾಡಿ ಕಟ್ಟಸ್ತೇವಿ, ನಿಮ್ಮ ಕಟಗಿ ಒಯ್ರಿ ಅಂದಿದ್ರಲ್ರಿ, ಮಾಲಕರ” ಎಂದು ಮೇಸ್ತ್ರಿ ನೆನಪಿಸಿದ. ರೈತನನ್ನು ಕೂರಿಸಿ ನಾವಿಬ್ಬರೂ ಅಲ್ಲಿಗೆ ಓಡಿದೆವು.

ಕಟ್ಟಿಸುವುದೆಲ್ಲಿ ಬಂತು! ಮಾಳಿಗೆಗೆ ಆಸರೆ ಕೊಟ್ಟ ನನ್ನ ತೊಲೆಗೇ ಪಂಚಮಿಯ ಜೋಕಾಲಿ ಕಟ್ಟಿ ಇಬ್ಬರು ಹುಡುಗಿಯರು ಜೀಕುತ್ತಿದ್ದರು. ಒಂದೊಂದು ಜೀಕಿಗೂ ಮೇಲಿನಿಂದ ಮಣ್ಣು ಉದುರುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. “ಮಾಳಿಗಿ ಬಿದ್ದರ ಏನ್ ಮಾಡ್ತೀರಿ?” ಎಂದು ಒದರಿದೆ.

ಮನೆಯ ಮುದುಕಿ ನಕ್ಕಳು. “ನೀನ ಹೇಳಿದ್ದೆಲ್ಲೋ ತಮ್ಮಾ, ಈ ತೊಲಿ ಮ್ಯಾಲ ಆನಿ ನಿಂತರೂ ಏನೂ ಆಗಂಗಿಲ್ಲ ಅಂತ? ನಮ್ಮ ಹುಡುಗ್ಯಾರು ಆನಿಗಿಂತ ಭಾರ ಅದಾರೇನು?”

ಹೌದು, ಕೆಲಸ ಹಿಡಿಯುವಾಗ ಹಾಗೇ ಹೇಳಿದ್ದೆ. ಅವಳು ಕೈಗಿಟ್ಟ ಎಳ್ಳುಂಡಿ ಹಿಡಿದುಕೊಂಡು ಓಣಿಗೆ ಬಂದೆ. ಒಂದು ಮನೆ ನಿಲ್ಲಿಸಲು ಇನ್ನಾವ ಮನೆ ಕೆಡವಲಿ? ತಲೆ ಓಡದೆ ಉಂಡಿ ತಿಂದೆ.

ಹಿಂದವಾಡಿಗೆ ಮರಳಿದಾಗ ರೈತ ಶೆಡ್ಡಿನ ತಗಡು ಹೊತ್ತ ಕಂಬಗಳನ್ನೇ ನೋಡುತ್ತ ಕೂತಿದ್ದ. ನಾನೂ ನೋಡಿದೆ. ತಗಡು ಇಳಿಸಿ ಕಂಬಗಳನ್ನು ಕಿತ್ತೆವು. ಶೆಡ್ಡಿನಲ್ಲಿದ್ದ ಫೋನನ್ನು ಹೆಂಡತಿ ಕಿಟಕಿಯಿಂದ ಮನೆಯೊಳಗೆ ಎಳೆದುಕೊಂಡಳು.

ಖಾನಾಪುರದಲ್ಲಿ ಗೋಡೆ ನಿಂತಿತು. ಕೂತ ಜಾಗದಿಂದ ಏಳದೆಯೇ ಆ ತಾಯಿ ನನ್ನ ಕಂಬಗಳನ್ನು ಕೈಯಿಂದ ತಟ್ಟಿ ನೋಡಿ, “ಇವು ಇನ್ನ ಇಲ್ಲೇ ಇರತಾವ ಹೌದಿಲ್ರಿ?” ಎಂದು ಕೇಳಿದಳು. ನಾನು ತಲೆಯಾಡಿಸಿದೆ.

ಮನೆಗೆ ಬಂದೆ. ಅಂಗಳದಲ್ಲಿ ಬೋರ್ಡು ಮಳೆಯಲ್ಲಿ ಮಲಗಿತ್ತು. ಒಳಗೆ ಫೋನು ರಿಂಗಾಗುತ್ತಿತ್ತು. ಯಾರ ಗೋಡೆಯೋ ಏನೋ! ಎತ್ತಬೇಕೋ ಬಿಡಬೇಕೋ ತಿಳಿಯದೆ ನಿಂತವನ ಕಣ್ಣು ನಮ್ಮ ಪಡಸಾಲೆಯ ಸಾಗುವಾನಿ ಕಂಬಗಳ ಮೇಲೆ ಹೋಯಿತು.

ಹೆಂಡತಿ ನನ್ನನ್ನು ನೋಡಿದಳು, ಕಂಬವನ್ನು ನೋಡಿದಳು. ಫೋನಿನ ಕಡೆ ಹೋಗುತ್ತಿದ್ದವಳು ತಿರುಗಿ ಬಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

“ಇದೊಂದ ಬಿಡ್ರಿ” ಎಂದಳು.