ನೆಗೆಣ್ಣಿಯ ಬಚ್ಚಲಿನ ಬಿಸಿನೀರು

ಕಂಪ್ಲಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ನಮ್ಮ ಓಣಿಯ ಎದುರುಬದುರಿನ ಎರಡು ಅಕ್ಕಿ ಗಿರಣಿಗಳು ಆಯಿಲ್ ಎಂಜಿನ್ನಿನಿಂದ ಓಡುತ್ತಿದ್ದವು. ಒಂದರ ಎಂಜಿನ್ ನೋಡಿಕೊಳ್ಳುತ್ತಿದ್ದವರು ನನ್ನ ಗಂಡ, ಇನ್ನೊಂದರದು ಅವರ ಅಣ್ಣ. ಕಾಲುವೆಯ ನೀರು ಎಂಜಿನ್ನಿನ ಮೈ ಸುತ್ತಿ, ಕಾವು ಹೀರಿ, ಹಿಂದಿನ ಗೋಡೆಯ ಕೊಳವೆಯಿಂದ ಹೊರಗೆ ಬೀಳುತ್ತಿತ್ತು. ಓಣಿಯ ಹೆಂಗಸರೆಲ್ಲ ಅದಕ್ಕೆ ಕೊಡ ಹಿಡಿಯುವವರೇ. ನೀರು ಎಷ್ಟು ಬಿಸಿಯೋ ಎಂಜಿನ್ ಡ್ರೈವರ್ ಅಷ್ಟು ಗಟ್ಟಿಗ ಎಂದು ಎಲ್ಲರೂ ನಂಬಿದ್ದರು.

ಆ ವರ್ಷ ಭಾವನ ಹೆಂಡತಿ, ನನ್ನ ನೆಗೆಣ್ಣಿ, ಹೆತ್ತಳು. ತವರಿಲ್ಲದ ಹೆಣ್ಣು, ಬಾಣಂತನ ಇಲ್ಲೇ. ಅಷ್ಟರಲ್ಲೇ ಅವರ ಗಿರಣಿಯ ಕೊಳವೆಯಿಂದ ಹಬೆಯಾಡುವ ನೀರು ಬರತೊಡಗಿತು. ಭಾವ ತಾವೇ ಹೊತ್ತು ತಂದು ಬಚ್ಚಲಿನ ಹಂಡೆಗೆ ಸುರಿಯುತ್ತಿದ್ದರು. ನಮ್ಮ ಕೊಳವೆಯದೋ, ಬರೀ ಉಗುರುಬೆಚ್ಚಗೆ. ನನಗೂ ತವರಿರಲಿಲ್ಲ. ನನ್ನ ಬಾಣಂತನದಲ್ಲಿ ಹೊಟ್ಟಿನ ಒಲೆ ಊದಿ, ಕಣ್ಣು ಕೆಂಪು ಮಾಡಿಕೊಂಡು ನೀರು ಕಾಯಿಸಿಕೊಂಡವಳು ನಾನೇ. ಅವಳ ಬಚ್ಚಲಿನ ಹಬೆ ಕಂಡರೆ ನನ್ನ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು.

“ನಿಮ್ಮ ಅಣ್ಣಾರ ಎಂಜಿನ್ ನೋಡ್ರಿ, ನೀರು ಕುದಿಸಿ ಕೊಡ್ತೈತಿ. ನಿಮ್ಮದು ಯಾತಕ್ಕ ಬಂತು?” ಎಂದು ಗಂಡನ ಮೇಲೆ ಹರಿಹಾಯ್ದೆ.

“ಹುಚ್ಚಿ, ಅಣ್ಣ ನೀರಿನ ತಿರುಪು ಬಿಗಿ ಮಾಡ್ಯಾನ. ಸಣ್ಣಗ ಹರಿಯೋ ನೀರು ಭಾಳ ಬಿಸಿ ಆಗತೈತಿ, ಖರೆ. ಆದರ ಅಷ್ಟು ಸ್ವಲ್ಪ ನೀರು ಎಷ್ಟು ಕಾವು ಹೊತ್ತೀತು? ಉಳಿದದ್ದೆಲ್ಲ ಕಬ್ಬಿಣದಾಗ ಉಳೀತೈತಿ. ಕಾಲುವಿ ಮಣ್ಣೂ ಒಳಗ ಕುಂತು ಹೆಪ್ಪು ಕಟ್ಟತೈತಿ. ಹೇಳಿದರ ಕೇಳವಲ್ಲ.”

ನನಗೆ ಕಬ್ಬಿಣದ ಚಿಂತೆ ಇರಲಿಲ್ಲ. “ನಮ್ಮದೂ ಒಂಚೂರು ಬಿಗಿ ಮಾಡ್ರಿ,” ಎಂದೆ. ಅವರು ಒಪ್ಪಲಿಲ್ಲ.

ಸುಗ್ಗಿಯ ಭತ್ತ ಬಂದು ಎಂಜಿನ್ನುಗಳಿಗೆ ಬಿಡುವಿಲ್ಲದಾಯಿತು. ಒಂದು ಮಧ್ಯಾಹ್ನ ಎದುರು ಗಿರಣಿಯ ಸದ್ದು ಗಕ್ಕನೆ ನಿಂತಿತು. ಪಿಸ್ಟನ್ ಕಚ್ಚಿಕೊಂಡಿತ್ತು, ಸಿಲಿಂಡರಿನ ತಲೆ ಸೀಳಿಹೋಗಿತ್ತು. ಮಾಲೀಕ ಭಾವನನ್ನು ಅಂದೇ ಕೆಲಸದಿಂದ ಬಿಡಿಸಿದ. ಸುದ್ದಿ ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ?

ಆ ಸಂತೋಷ ಒಳಗಿಟ್ಟುಕೊಂಡೇ ಮಾತಾಡಿಸಲು ಹೋದೆ. ನೆಗೆಣ್ಣಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತಿದ್ದಳು.

“ತಿರುಪು ಬಿಡ್ರಿ, ಇಷ್ಟು ಬಿಸಿನೀರು ನನಗ ಬ್ಯಾಡ ಅಂತ ಬಡಕೊಂಡೆ ತಂಗಿ. ‘ಎಂಜಿನ್ ಹೋದರ ಹೋಗಲಿ, ನಿನ್ನ ನಡಾ ಗಟ್ಟಿ ಆಗಲಿ’ ಅಂದರು.”

ಬಾಯಿಗೆ ಬಂದ ನಾಲ್ಕು ಸಮಾಧಾನದ ಮಾತು ಹೇಳಿ ಹೊರಬಂದೆ. ನಮ್ಮ ಗಿರಣಿ ಎಂದಿನಂತೆ ಓಡುತ್ತಿತ್ತು, ಕೊಳವೆಯಿಂದ ನೀರು ಧಾರಾಳವಾಗಿ ಬೀಳುತ್ತಿತ್ತು. ನನ್ನ ಗಂಡ ಹೇಳಿದ್ದೆಲ್ಲ ಸರಿಯಾಗಿತ್ತು. ಕೆಲಸ ಕಳೆದುಕೊಂಡವರ ಹೆಂಡತಿಯ ಮೇಲೆ ಅವತ್ತು ನನಗಾದಷ್ಟು ಹೊಟ್ಟೆಕಿಚ್ಚು ಮತ್ತೆಂದೂ ಯಾರ ಮೇಲೂ ಆಗಲಿಲ್ಲ.