ಗಾಡಿ ಹೋಯಿತು, ಚಾವಿ ಉಳಿಯಿತು

ಇನ್ನು ಮುಂದೆ ಗಾಡಿ ಓಡಿಸಲೇಬಾರದು ಎಂದು ಸೊಲ್ಲಾಪುರದ ಕಣ್ಣಿನ ಡಾಕ್ಟರು ಹೇಳಿದ ದಿನ, ನಮ್ಮ ಮನೆಯವರು ವಿನಯದಿಂದ ತಲೆಯಾಡಿಸಿ, ಕೈಮುಗಿದು, ಹೊರಗೆ ಬಂದು, ತಾವೇ ಗಾಡಿ ಹೊಡೆದುಕೊಂಡು ಅಕ್ಕಲಕೋಟೆಗೆ ಹೊರಟರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗವನ್ನು ಹೇಗೆ ತಿಂದಿದೆ ಎಂದು ಡಾಕ್ಟರು ಚಿತ್ರ ತೋರಿಸಿ ಹೇಳಿದ್ದನ್ನು ನಾನು ಪಕ್ಕದಲ್ಲೇ ಕುಳಿತು ಕೇಳಿದ್ದೆ. ವಳಸಂಗ ದಾಟಿದ ಮೇಲೆ ಮುಂದೆ ಕಬ್ಬು ತುಂಬಿದ ಟ್ರಾಲಿಯೊಂದು ಹೋಗುತ್ತಿತ್ತು. ನಾನು ಕಿರುಚಿದ ಮೇಲೆಯೇ ಬ್ರೇಕು ಬಿತ್ತು.

"ನೋಡೀನಲ್ಲ! ಯಾಕ ಹಂಗ ಒದರ್ತಿ?"

"ನೋಡಿದ್ರ ಬ್ರೇಕ್ ಯಾಕ ಹೊಡಿಲಿಲ್ರಿ ಮತ್ತ?"

"ಹೊಡ್ಯಾಂವ ಇದ್ನಿ."

ಆಮೇಲೆ ಮನೆ ಮುಟ್ಟುವವರೆಗೂ ರಸ್ತೆಯದೇ ತಪ್ಪು. ಬಿಳಿ ಪಟ್ಟಿ ಮಾಸಿದೆಯಂತೆ, ಟ್ರಾಲಿಯವರಿಗೆ ಬುದ್ಧಿಯಿಲ್ಲವಂತೆ, ಸರ್ಕಾರ ಸರಿ ಇಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರ ಕೈಯಲ್ಲಿ ಸ್ಟೇರಿಂಗ್ ಇತ್ತು.

ಆ ಗಾಡಿಯ ಬಗ್ಗೆ ಹೇಳಬೇಕು. ಪುಣೆಯ ಯಾರೋ ದೊಡ್ಡವರು ಬಳಸಿ ಬಿಟ್ಟಿದ್ದ ಕಪ್ಪು ಬಣ್ಣದ ವಿದೇಶಿ ಡೀಸೆಲ್ ಗಾಡಿ. ಒಳಗೆ ಚರ್ಮದ ಸೀಟು, ಕೂತರೆ ಮೈ ಮುಳುಗಿ ಹೋಗುತ್ತಿತ್ತು. ದುಧನಿ ಹತ್ತಿರದ ಹೊಲಮನೆಯಲ್ಲಿ ಎತ್ತಿನ ಬಾಲ ತಿರುವುತ್ತ ಬೆಳೆದವರು, ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಹಾಕಿ, ಅದು ಕೈಹತ್ತಿದ ಮೇಲೆ ಮಾಡಿದ ಒಂದೇ ಶೋಕಿ ಅದು. ದಿನಾ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಅದರಲ್ಲೇ ಹೋಗಿ ಬರುತ್ತಿದ್ದರು. ಅಂಗಡಿಯನ್ನು ನನ್ನ ಮೈದುನನಿಗೆ ವಹಿಸಿದ ಮೇಲೂ ಕಾಲು ನಿಲ್ಲಲಿಲ್ಲ. ತೊಗರಿ ರೇಟು ಕೇಳಲು ದುಧನಿಗೆ, ಮೋಟಾರು ನೋಡಲು ಹೊಲಕ್ಕೆ, ಏನೂ ಇಲ್ಲದಿದ್ದರೆ ಡೀಸೆಲ್ ಹಾಕಿಸಲು ಪಂಪಿಗೆ. ಮನೆಯಲ್ಲಿ ಕೂತರೆ ಕುರ್ಚಿಯೇ ಕಚ್ಚುತ್ತದೆ ಎನ್ನುವ ಜಾತಿಯ ಮನುಷ್ಯ.

ಡಾಕ್ಟರ ಮಾತಿನ ನಂತರ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಅವರು ಗಾಡಿ ತೆಗೆದರೆಂದರೆ ನಾನು ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ. ಫೋನು ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಸಾಲಿ ಬಿಡುವ ಹೊತ್ತಿಗೆ ಮಕ್ಕಳೆಲ್ಲ ರಸ್ತೆಯಲ್ಲೇ ಇರುತ್ತವೆ. ಯಾರ ಮನೆಯ ಕೂಸಾದರೂ ಗಾಲಿಗೆ ಸಿಕ್ಕರೆ? ನನಗೆ ಬೇಕಿದ್ದದ್ದು ಇಷ್ಟೇ: ಅವರ ಕೈಯಿಂದ ಯಾರಿಗೂ ಏನೂ ಆಗಬಾರದು, ಅವರಿಗೂ ಆಗಬಾರದು. ಚಾವಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟೆ. ಸಂಜೆಗೆ ಅಂಗಿಯ ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡು, ಗಾಡಿ ತಿರುಗಿಸಿಕೊಂಡು ಬಂದು ನಿಂತರು. ಜೋಡಿ ಚಾವಿ ಎಂದೋ ಹೊಲದ ಬಾವಿಗೆ ಬಿದ್ದಿತ್ತು. ಇದನ್ನೂ ಅಲ್ಲೇ ಎಸೆಯಬೇಕಿತ್ತು ಅನಿಸಿತು.

ಮಾರೋಣ ಎಂದೆ. ಬಂದ ಗಿರಾಕಿಗಳೊಡನೆಲ್ಲ ಜಗಳವಾಡಿದರು. ಒಬ್ಬ ಟಯರಿಗೆ ಕಾಲಿನಿಂದ ಒದ್ದು ನೋಡಿದ ಎಂದು ಅವನನ್ನು ಗೇಟಿನತನಕ ಬೈಯುತ್ತ ಕಳಿಸಿದರು.

ಆಗ ನನಗೆ ಹೊಳೆದದ್ದು ದಾನ. ನಮ್ಮ ಊರಲ್ಲಿ ಒಂದು ಸಣ್ಣ ಸೇವಾ ಮಂಡಳಿಯಿದೆ. ಸುತ್ತಲಿನ ಹಳ್ಳಿಗಳಿಂದ ಡಯಾಲಿಸಿಸ್ ಆಗಬೇಕಾದವರನ್ನು ಸೊಲ್ಲಾಪುರದ ದವಾಖಾನೆಗೆ ಕರೆದೊಯ್ದು ವಾಪಸ್ ಬಿಡುತ್ತಾರೆ. ಅವರ ಹಳೆಯ ಜೀಪು ಕೂತವರನ್ನು ಎತ್ತಿ ಎತ್ತಿ ಹಾಕುವಂಥದ್ದು. ಮಾರಲು ಒಲ್ಲದವರು ನಾಲ್ಕು ಮಂದಿಯ ಮುಂದೆ ಯಾರಾದರೂ ಕೈಯೊಡ್ಡಿದರೆ ಇಲ್ಲವೆನ್ನಲಾರರು, ಅದು ನನಗೆ ಗೊತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಂಡಳಿಯ ಹಿರಿಯರಿಗೆ ನಾನೇ ಹೇಳಿ ಕಳಿಸಿದೆ. ಅವರು ಓಣಿಯವರೆಲ್ಲ ಕಟ್ಟೆಗೆ ಕೂತಿದ್ದ ಹೊತ್ತು ನೋಡಿಯೇ ಬಂದರು.

"ಕಾಕಾ, ಪೇಶಂಟಗೋಳಿಗೆ ವಾಪಸ್ ಬರೂಮುಂದ ಭಾಳ ತ್ರಾಸ ಆಗ್ತದರಿ. ನಿಮ್ಮ ಗಾಡ್ಯಾಗ ಮಲಕೊಂಡ ಬರಬಹುದು. ದೇವರು ನಿಮಗ ಚಲೋ ಮಾಡ್ತಾನ."

ಮನೆಯವರು ನನ್ನ ಕಡೆ ತಿರುಗಿದರು. ನಾನು ಮೆಂತ್ಯೆ ಸೊಪ್ಪು ಸೋಸುವುದರಲ್ಲಿ ಮುಳುಗಿದ್ದೆ.

"ತಗೊಂಡ ಹೋಗ್ರಿ," ಎಂದರು. ಮಂಡಳಿಯ ಡ್ರೈವರ್ ಪಾಪ, ಎಸಿ ಸರಿಯಿದೆಯೇ, ಮೈಲೇಜು ಎಷ್ಟು ಎಂದು ಕೇಳಿಬಿಟ್ಟ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ಮನೆಯವರು ಗೊಣಗಿದ್ದು ಓಣಿಗೆಲ್ಲ ಕೇಳಿಸಿತು.

ಕಾಗದಪತ್ರ ಮುಗಿದು ಗಾಡಿ ಕಳಿಸುವ ದಿನ ಅವರೇ ಶಾಸ್ತ್ರ ಹಿಡಿದು ಕೂತರು. ನಮ್ಮ ಕಡೆ ಎತ್ತು ಮನೆಬಿಟ್ಟು ಹೋಗುವಾಗ ಹಳೆಯ ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆ ಎಂಬ ನಂಬಿಕೆ. ಒಯ್ಯುವವರೇ ಹೊಸ ಹಗ್ಗ ತರಬೇಕು. ಹಾಗಾಗಿ ಚಾವಿಗೆ ಹೊಸ ರಿಂಗು ತರಬೇಕೆಂದು ಡ್ರೈವರ್‌ಗೆ ಮೊದಲೇ ಅಪ್ಪಣೆಯಾಗಿತ್ತು. ಮುಂಜಾನೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಇಂಜಿನ್ ಚಾಲೂ ಇಟ್ಟೇ ನಿಲ್ಲಿಸಿದರು. ನಾನು ಆರತಿ ಎತ್ತಿದೆ. ಅವರು ಹಳೆಯ ರಿಂಗು ಬಿಚ್ಚಿ, ಹೊಸದನ್ನು ಬಲಗೈಯಲ್ಲಿ ಚಾವಿಯನ್ನು ಎಡಗೈಯಲ್ಲಿ ಹಿಡಿದು ತಿರುವತೊಡಗಿದರು. ತಿರುವಿದರು, ತಿರುವಿದರು. ಜನ ಕಾಯುತ್ತಿದ್ದರು. ಯಾರೋ ತೆಂಗಿನಕಾಯಿ ಒಡೆದರು, ಯಾರೋ ಅವರ ಕೊರಳಿಗೆ ಹಾರ ಹಾಕಿದರು. "ಆತು, ನಡೀರಿ ನಡೀರಿ, ಮಂದಿ ಕಾಯಾಕತ್ತ್ಯಾರ," ಎಂದು ಮನೆಯವರು ಬಾನೆಟ್ಟಿಗೆ ತಟ್ಟಿದರು. ಕಪ್ಪು ಗಾಡಿ ಓಣಿ ದಾಟಿತು. ಬಹಳ ದಿನಗಳ ಮೇಲೆ ನಾನು ನೆಮ್ಮದಿಯಾಗಿ ಎರಡು ರೊಟ್ಟಿ ಉಂಡೆ.

ಮಧ್ಯಾಹ್ನ ಡ್ರೈವರ್‌ನ ಫೋನು ಬಂತು. ದವಾಖಾನೆಯಿಂದ.

"ಕಾಕು, ಗಾಡಿ ಚಾಲೂ ಆಗವಲ್ದರಿ. ಚಾವಿ ಇಲ್ಲಂತ ತೋರಸಾಕತ್ತೈತಿ. ಚಾವಿ ಒಳಗ ಐತಿ ಅಂದ್ಕೊಂಡಿದ್ನಿ. ಹೊಂಟಾಗ ಕುಂಯ್ ಕುಂಯ್ ಅಂದಿತ್ತು, ಬೆಲ್ಟಿಂದು ಅಂತ ಬಿಟ್ನಿ."

ಆ ಗಾಡಿಗೆ ಚಾವಿ ತಿರುವುವ ಕೆಲಸವೇ ಇಲ್ಲ. ಹತ್ತಿರ ಇದ್ದರೆ ಸಾಕು, ಗುಂಡಿ ಒತ್ತಿದರೆ ಚಾಲೂ. ಒಮ್ಮೆ ಚಾಲೂ ಆದರೆ ಚಾವಿ ಎಲ್ಲಿದ್ದರೂ ಓಡುತ್ತದೆ, ಆರಿಸಿದರೆ ಮುಗಿಯಿತು. ನಾನು ಮನೆಯವರನ್ನು ನೋಡಿದೆ. ಅವರು ಕಿಸೆಗೆ ಕೈಹಾಕಿ ಚಾವಿ ತೆಗೆದರು. ಜೊತೆಗೆ ಹೊಸ ರಿಂಗೂ ಬಂತು, ಬೇರೆಯಾಗಿ.

"ಮರತ್ನಿ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಮರತಿಲ್ಲ, ಬೇಕಂತ ಮಾಡೀರಿ. ಅದು ತಿರುಗಿ ಮನಿಗೆ ಬರಲಿ ಅಂತ ಮಾಡೀರಿ. ಅಲ್ಲಿ ರಕ್ತಾ ತೊಳಿಸ್ಕೊಂಡ ಹಣ್ಣಾದ ಮಂದಿ ಬೆಂಚಿನ ಮ್ಯಾಲ ಕುಂತಾರ!"

ಅವರು ಚಪ್ಪಲಿ ಮೆಟ್ಟಿದರು. ಬಾಜೂ ಮನೆಯವರು ಸೊಲ್ಲಾಪುರಕ್ಕೇ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸೋಣ ಎಂದೆ. "ಯಾರ ಕೈಯಾಗೂ ಕೊಡಾಂಗಿಲ್ಲ. ನಾನ ಒಯ್ತೀನಿ," ಎಂದರು. ನನ್ನ ಸಂಶಯ ಗಟ್ಟಿಯಾಯಿತು. ಚಾವಿ ಕೈಯಲ್ಲಿ ಹಿಡಿದು ಹೋಗಿ, ಅಲ್ಲಿ ಮತ್ತೆ ಸ್ಟೇರಿಂಗ್ ಹಿಂದೆ ಕೂತುಬಿಟ್ಟರೆ ಯಾರು ಎಬ್ಬಿಸುವವರು? ನಾನೂ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಅವರು ಮುಂದಿನ ಸೀಟಿನ ಕಂಬಿ ಹಿಡಿದು ಬಿಟ್ಟು, ಬಿಟ್ಟು ಹಿಡಿದು ಮಾಡಿದರು. ಯಾವ ಊರು ಬಂತು ಎಂದು ಪದೇ ಪದೇ ಕೇಳಿದರು. ಅವರು ಹುಟ್ಟಿದಾಗಿನಿಂದ ಬಲ್ಲ ರಸ್ತೆ. ಬೋರ್ಡು ನೋಡಿಕೊಳ್ಳಿ ಎಂದು ಗದರಿದೆ. ಆಮೇಲೆ ಕೇಳಲಿಲ್ಲ.

ಗಾಡಿ ದವಾಖಾನೆಯ ನೆಲಮಾಳಿಗೆಯಲ್ಲಿ ನಿಂತಿತ್ತು. ಡ್ರೈವರ್ ಮೇಲಿನಿಂದ ಪೇಶಂಟರನ್ನು ಇಳಿಸಿಕೊಂಡು ಬರುತ್ತೇನೆ ಎಂದಿದ್ದ. ಬಿಸಿಲಿನಿಂದ ಇಳಿದರೆ ಕೆಳಗೆ ಕತ್ತಲೆಯೇ. ನಾನು ಕಾವಲುಗಾರನನ್ನು ಮಾತಾಡಿಸುವಷ್ಟರಲ್ಲಿ ಮನೆಯವರು ಗೋಡೆ ಸವರುತ್ತ ಮುಂದೆ ಹೋಗಿದ್ದರು. ಹಿಂದೆಯೇ ಹೋದೆ. ಗಾಡಿಯ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತಿದ್ದರು. ನನ್ನ ಹೆಜ್ಜೆ ಕೇಳಿ ತಿರುಗಿದರು. ನನ್ನ ಬೆನ್ನ ಹಿಂದೆ ಹೊರಗಿನ ಬೆಳಕಿತ್ತು.

"ಬಂದಿ ತಮ್ಮಾ?"

ಡ್ರೈವರ್ ಬಂದನೇನೋ ಎಂದು ನಾನೂ ಹಿಂದೆ ನೋಡಿದೆ. ಯಾರೂ ಇರಲಿಲ್ಲ.

"ತಗೋ ಇದನ್ನ. ಮುಂಜಾನಿ ಕೊಡಬೇಕಂತನ ಇದ್ನಿ. ರಿಂಗಿಗೆ ಹಾಕಾಕ ಚಾವಿ ತೂತನ ಕಾಣಲಿಲ್ಲ. ಮಂದಿ ನಿಂತಿದ್ರು, ನಾಚಿಕಿ ಬಂತು, ಕಿಸೇದಾಗ ಇಟ್ಕೊಂಡ್ನಿ. ಈಗ ನಿನ್ನ ಮಾರೀನೂ ಕಾಣವಲ್ದು ನನಗ." ದನಿ ತಗ್ಗಿಸಿ ಹೇಳಿದರು: "ನಮ್ಮಾಕಿ ಮುಂದ ಹೇಳಬ್ಯಾಡ. ಮೊದಲ ಆಕಿಗೆ ನಿದ್ದಿ ಇಲ್ಲ."

ಚಾವಿ ಹಿಡಿದ ಕೈ ನನ್ನಿಂದ ಒಂದಿಷ್ಟು ಪಕ್ಕಕ್ಕೆ, ಬರಿಗಾಳಿಗೆ ಚಾಚಿಕೊಂಡಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳು ನಾನು, ಕೈಯಳತೆಯಲ್ಲಿ ನಿಂತಿದ್ದೆ. ಬಾಯಿ ತೆರೆದರೆ ಯಾರೆಂದು ಗೊತ್ತಾಗುತ್ತಿತ್ತು. ನನ್ನ ಅಂಗೈಯನ್ನೇ ಅವರ ಕೈ ಇದ್ದಲ್ಲಿಗೆ ಸರಿಸಿ ಚಾವಿ ತೆಗೆದುಕೊಂಡೆ. ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಅದೂ ಅವರಿಗೆ ಕಾಣಲಿಲ್ಲ.

ಬಂದ ದಾರಿಯಲ್ಲೇ ಏರು ಹತ್ತಿ ಓಡಿದೆ. ಡ್ರೈವರ್ ಒಬ್ಬ ಮುದುಕಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಿದ್ದ. ಚಾವಿ ಅವನ ಕೈಗೆ ಹಾಕಿದೆ. "ಇದನ್ನ ಕಾಕಾ ನಿನ್ನ ಕೈಯಾಗ ಕೊಟ್ಟಾರ, ನಾನಲ್ಲ. ತಿಳೀತಿಲ್ಲೋ?" ಎಂದೆ. ಅವನಿಗೆ ತಿಳಿಯಲಿಲ್ಲ, ಆದರೂ ಹೂಂ ಎಂದ. ಸೆರಗಿನಿಂದ ಮುಖ ಒರೆಸಿಕೊಂಡು, ಮುದುಕಿಯೊಡನೆ ಗಟ್ಟಿಯಾಗಿ ಮಾತಾಡುತ್ತ ಮತ್ತೆ ಇಳಿದೆ.

"ಎಲ್ಲಿ ಹೋಗಿದ್ದಿ ಇಷ್ಟೊತ್ತ?" ಎಂದರು ಮನೆಯವರು, ದನಿ ಬಂದ ಕಡೆಗೆ ತಿರುಗಿ.

"ನೀರ ಕುಡ್ಯಾಕ ಹೋಗಿದ್ನಿರಿ."

"ನನಗೊಂದ ಬಾಟ್ಲಿ ತರಬಾರದೇನ? ಒಂದ ಕೆಲಸಾ ನೆಟ್ಟಗ ಮಾಡಾಂಗಿಲ್ಲ ನೀ," ಎಂದು ಎಲ್ಲರ ಮುಂದೆ ಬೈದರು. ನಾನು ನೀರು ತರಲು ಮತ್ತೆ ಏರು ಹತ್ತಿದೆ.